ಮೂರು ಸೋಲುಗಳ ನಂತರದ ಬಾಸ್ಟನ್

ಅಮೆರಿಕದ ಬೇಸ್‌ಬಾಲಿನಲ್ಲಿ ಪ್ಲೇಆಫ್ ಎಂದರೆ ಋತುವಿನ ಕೊನೆಯಲ್ಲಿ ಅಗ್ರ ತಂಡಗಳ ನಡುವೆ ನಡೆಯುವ ನಿರ್ಣಾಯಕ ಸರಣಿಗಳು; ಏಳು ಪಂದ್ಯಗಳ ಸರಣಿಯಾದರೆ ಮೊದಲು ನಾಲ್ಕನ್ನು ಗೆದ್ದ ತಂಡವೇ ವಿಜಯಿ. 2004ರ ಅಕ್ಟೋಬರಿನಲ್ಲಿ ಬಾಸ್ಟನ್ ರೆಡ್ ಸಾಕ್ಸ್ ತಂಡವು ತನ್ನ ಬದ್ಧವೈರಿ ನ್ಯೂಯಾರ್ಕ್ ಯಾಂಕೀಸ್ ಎದುರು ಅಂಥ ಸರಣಿಯ ಮೊದಲ ಮೂರು ಪಂದ್ಯಗಳನ್ನೂ ಸೋತು, ಮೂರನೆಯದನ್ನಂತೂ ತವರಿನಲ್ಲೇ 19-8ರಿಂದ ಕಳೆದುಕೊಂಡಾಗ, ಅಭಿಮಾನಿಗಳಿಗೆ ಅದು ಹೊಸ ನೋವೇನೂ ಆಗಿರಲಿಲ್ಲ. ಹಿಂದೆ ತಂಡದ ಹೆಸರಾಂತ ಆಟಗಾರ ಬೇಬ್ ರೂತ್‌ನನ್ನು ಯಾಂಕೀಸ್‌ಗೆ ಮಾರಿದ್ದರಿಂದ ಶಾಪ ತಗುಲಿದೆಯೆಂಬ ಮಾತು ಅಲ್ಲಿ ಅರೆನಂಬಿಕೆ, ಅರೆತಮಾಷೆಯಾಗಿ ಬಳಕೆಯಲ್ಲಿತ್ತು. ನಾಲ್ಕನೆಯ ಪಂದ್ಯದ ಒಂಬತ್ತನೆಯ ಸರದಿಯಲ್ಲಿ ಬಾಸ್ಟನ್ನಿನ ಡೇವ್ ರಾಬರ್ಟ್ಸ್, ಎಸೆತಗಾರನ ಕಣ್ಣುತಪ್ಪಿಸಿ ಮುಂದಿನ ನೆಲೆಗೆ ಓಡಿ, ಅಂದರೆ ಬೇಸ್ ಕದ್ದು, ಸ್ಕೋರ್ ಸಮವಾಗಲು ದಾರಿಮಾಡಿದನು; ಹನ್ನೆರಡನೆಯ ಸರದಿಯಲ್ಲಿ ಡೇವಿಡ್ ಓರ್ಟಿಸ್ ಚೆಂಡನ್ನು ಬೇಲಿಯಾಚೆ ಅಟ್ಟಿ ಗೆಲುವು ತಂದನು. ಬಳಿಕ ಉಳಿದ ಮೂರನ್ನೂ ಗೆದ್ದ ರೆಡ್ ಸಾಕ್ಸ್, 0-3ರ ಹಿನ್ನಡೆಯಿಂದ ಸರಣಿ ಗೆದ್ದ ಮೊದಲ ಮೇಜರ್ ಲೀಗ್ ತಂಡವಾಯಿತು. ಮುಂದೆ ಅಕ್ಟೋಬರ್ 27ರಂದು, ಋತುವಿನ ಅಂತಿಮ ಪ್ರಶಸ್ತಿಯಾದ ವಿಶ್ವ ಸರಣಿಯೂ 1918ರ ನಂತರ ಮೊದಲ ಬಾರಿಗೆ ದಕ್ಕಿದಾಗ, ಈ ದಿನಕ್ಕಾಗಿ ಕಾದು ತೀರಿಕೊಂಡ ಹಿರಿಯರ ಸಮಾಧಿಗಳಿಗೆ ಜನ ತಂಡದ ಧ್ವಜ, ಟೋಪಿಗಳನ್ನು ಒಯ್ದು ಅರ್ಪಿಸಿದರು. ಆದರೆ ಯಾಂಕೀಸ್ ಮೇಲಿನ ಗೆಲುವಿನ ರಾತ್ರಿಯೇ ಬಾಸ್ಟನ್ನಿನ ತವರಾದ ಫೆನ್ವೇ ಕ್ರೀಡಾಂಗಣದ ಹೊರಗೆ ಕಿಕ್ಕಿರಿದ ಗುಂಪನ್ನು ಚದುರಿಸಲು ಪೊಲೀಸರು ಹಾರಿಸಿದ ಖಾರಪುಡಿಯ ಗುಂಡು ತಗುಲಿ ವಿದ್ಯಾರ್ಥಿನಿಯೊಬ್ಬಳು ಮೃತಪಟ್ಟಳೆಂಬುದನ್ನು ಸಂಭ್ರಮದ ವರ್ಣನೆಗಳು ಹೆಚ್ಚಾಗಿ ಮರೆಯುತ್ತವೆ. ನಗರಾಡಳಿತವು ಮರುವರ್ಷ ಆಕೆಯ ಕುಟುಂಬಕ್ಕೆ ಪರಿಹಾರ ತೆರಬೇಕಾಯಿತು.