ಹೊಸ ಉಪಾಧ್ಯಾಯನೂ ಕೆಂಪು ಮಸಿಯೂ

ಇಂಗ್ಲಿಷನ್ನು ಕಲಿಯುವವರ ಕಷ್ಟಗಳನ್ನು ಕುರಿತು ನಾವೆಲ್ಲರೂ ಬೇಕಾದಷ್ಟು ಕೇಳಿದ್ದೇವೆ. ಅದನ್ನು ಕಲಿಸುವುದು ಹೇಗೆಂದು ಕಲಿಯುತ್ತಿರುವವರ ಕಷ್ಟವನ್ನು ವಿಚಾರಿಸುವವರು ವಿರಳ. ಬಿ.ಎಡ್. ತರಗತಿಗೆ ಸೇರಿದ ಇಪ್ಪತ್ತೆರಡು ಇಪ್ಪತ್ತಮೂರು ವಯಸ್ಸಿನ ಯುವಕನೋ ಯುವತಿಯೋ ಒಂದು ದಿನ ಬೆಳಗ್ಗೆ, ಪಾಠಯೋಜನೆಯ ಪುಸ್ತಕವನ್ನು ಎದೆಗವಚಿಕೊಂಡು, ಯಾವುದೋ ಪ್ರೌಢಶಾಲೆಯ ಎಂಟನೆಯ ತರಗತಿಯ ಬಾಗಿಲಲ್ಲಿ ನಿಲ್ಲಬೇಕಾಗುತ್ತದೆ. ಒಳಗೆ ಐವತ್ತು ಜೊತೆ ಕಣ್ಣುಗಳು. ಹಿಂದಿನ ಬೆಂಚಿನಲ್ಲಿ ಗುಣದೋಷಗಳನ್ನು ಬರೆದುಕೊಳ್ಳಲು ಕುಳಿತ ಮೇಲ್ವಿಚಾರಕರು. ಪರೀಕ್ಷೆಗೆ ಗುರಿಯಾಗಿರುವವರು ಮಕ್ಕಳೋ ಉಪಾಧ್ಯಾಯರೋ ಎಂಬುದನ್ನು ಆ ಕ್ಷಣದಲ್ಲಿ ನಿರ್ಣಯಿಸುವುದು ಸುಲಭವಲ್ಲ.

ಗಣಿತವನ್ನೋ ಚರಿತ್ರೆಯನ್ನೋ ಕಲಿಸಹೊರಟವನಿಗೂ ಭಯವಿರುತ್ತದೆ, ನಿಜ. ಆದರೆ ಅವನು ತನ್ನ ವಿಷಯವನ್ನು ತಾಯ್ನುಡಿಯಲ್ಲಿಯೇ ಹೇಳಿ ಪಾರಾಗಬಹುದು. ಇಂಗ್ಲಿಷಿನ ಉಪಾಧ್ಯಾಯನಿಗೆ ಆ ಆಸರೆಯಿಲ್ಲ. ಅವನು ಕಲಿಸಬೇಕಾದ ವಸ್ತುವೂ ಕಲಿಸುವ ಸಾಧನವೂ ಒಂದೇ. ಆ ವಸ್ತುವಾದರೋ ತನಗೇ ಪೂರ್ತಿಯಾಗಿ ಕೈವಶವಾಗಿಲ್ಲವೆಂಬ ಶಂಕೆ ಅವನನ್ನು ಒಳಗೊಳಗೇ ಕೊರೆಯುತ್ತಿರುತ್ತದೆ. ಪಟ್ಟಣದ ಶಾಲೆಯಾದರೆ, ಮುಂದಿನ ಸಾಲಿನ ಹುಡುಗಿಯ ಉಚ್ಚಾರಣೆ ತನ್ನದಕ್ಕಿಂತ ಮೇಲಾಗಿರಬಹುದೆಂಬ ಅಳುಕು ಬೇರೆ. ಇದರ ಪರಿಣಾಮವನ್ನು ನಾವು ಅನೇಕ ಅಭ್ಯಾಸ ಪಾಠಗಳಲ್ಲಿ ನೋಡಿದ್ದೇವೆ. ಪಠ್ಯಪುಸ್ತಕವನ್ನು ಬಿಟ್ಟು ಕಣ್ಣೆತ್ತದಿರುವುದು. ಪ್ರಶ್ನೆಯನ್ನು ಕೇಳಿ ಉತ್ತರವನ್ನೂ ತಾನೇ ಹೇಳಿಬಿಡುವುದು. ಮೌನವೆಂದರೆ ಹೊಸಬರಿಗೆ ಸೋಲಿನಂತೆ ತೋರುತ್ತದೆ. ಅಮೆರಿಕದ ಮೇರಿ ಬಡ್ ರೋ ಎಂಬಾಕೆ ವಿಜ್ಞಾನದ ತರಗತಿಗಳನ್ನು ಪರೀಕ್ಷಿಸಿ 1974ರಲ್ಲಿ ತಿಳಿಸಿದಂತೆ, ಅನುಭವಸ್ಥ ಉಪಾಧ್ಯಾಯರು ಕೂಡ ಪ್ರಶ್ನೆ ಕೇಳಿದ ಮೇಲೆ ಸುಮಾರು ಒಂದು ಸೆಕೆಂಡು ಮಾತ್ರ ಕಾಯುತ್ತಿದ್ದರು. ಮೂರು ಸೆಕೆಂಡು ಕಾದಾಗ ಉತ್ತರಗಳು ದೀರ್ಘವಾದುವು. ಅದುವರೆಗೆ ಬಾಯಿ ತೆರೆಯದ ಮಕ್ಕಳೂ ಮಾತನಾಡತೊಡಗಿದರು. ಪರಭಾಷೆಯಲ್ಲಿ ವಾಕ್ಯವನ್ನು ಮನಸ್ಸಿನಲ್ಲಿ ಕಟ್ಟಿಕೊಳ್ಳಬೇಕಾದ ಮಗುವಿಗೆ ಆ ಮೂರು ಸೆಕೆಂಡುಗಳ ಬೆಲೆ ಇನ್ನೂ ಹೆಚ್ಚಲ್ಲವೆ?

ಧೈರ್ಯವೆಂಬುದು ಉಪದೇಶದಿಂದ ಬರುವ ಪದಾರ್ಥವಲ್ಲ. ‘ಹೆದರಬೇಡಿ’ ಎಂದು ಹೇಳಿಸಿಕೊಂಡವನು ಇನ್ನಷ್ಟು ಹೆದರುತ್ತಾನೆ. ಟೆಕ್ಸಾಸಿನ ಫ್ರಾನ್ಸಿಸ್ ಫುಲ್ಲರ್ 1969ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಇದರ ಬೀಜವಿದೆ. ಹೊಸ ಉಪಾಧ್ಯಾಯರ ಚಿಂತೆಯೆಲ್ಲ ಮೊದಮೊದಲು ತಮ್ಮ ಸುತ್ತಲೇ ಇರುತ್ತದೆ: ನಾನು ಹೇಗೆ ಕಾಣುತ್ತೇನೆ, ನನ್ನನ್ನು ಒಪ್ಪುವರೆ, ತರಗತಿ ನನ್ನ ಹಿಡಿತದಲ್ಲಿದೆಯೆ? ಅನುಭವ ಬಲಿತ ಮೇಲೆ ಅದು ಮಕ್ಕಳ ಕಡೆಗೆ ತಿರುಗುತ್ತದೆ: ಇವರಿಗೆ ಏನು ತಿಳಿಯಿತು, ಏನು ತಿಳಿಯಲಿಲ್ಲ? ಈ ತಿರುವಿಗಾಗಿ ಕಾಲವನ್ನೇ ನಂಬಿ ಕುಳಿತಿರಬೇಕಾಗಿಲ್ಲವೆಂಬುದು ನಮ್ಮ ಅಭಿಪ್ರಾಯ. ಮಕ್ಕಳು ಬರೆದುದನ್ನು ಶ್ರದ್ಧೆಯಿಂದ ಓದುವುದನ್ನು ಮೊದಲ ವಾರದಿಂದಲೇ ಅಭ್ಯಾಸಮಾಡಿದರೆ ತನ್ನ ಮೇಲಿನ ದೃಷ್ಟಿ ತಾನಾಗಿಯೇ ಜಾರಿ ಅವರ ಮೇಲೆ ನಿಲ್ಲುತ್ತದೆ. ನಾಳೆ ಏನನ್ನು ಕಲಿಸಬೇಕೆಂಬುದು ಖಚಿತವಾಗಿ ತಿಳಿದವನ ಧ್ವನಿಯಲ್ಲಿ ನಡುಕ ಕಡಮೆ.

ದುರದೃಷ್ಟವಶಾತ್ ತರಬೇತಿಯ ವ್ಯವಸ್ಥೆಯಲ್ಲಿ ಇದಕ್ಕೆ ದೊರೆಯುವ ಅವಕಾಶ ಅತ್ಯಲ್ಪ. ರಾಷ್ಟ್ರೀಯ ಉಪಾಧ್ಯಾಯ ಶಿಕ್ಷಣ ಮಂಡಳಿಯ 2014ರ ನಿಯಮಾವಳಿಯು ಬಿ.ಎಡ್. ವ್ಯಾಸಂಗವನ್ನು ಎರಡು ವರ್ಷಗಳಿಗೆ ಏರಿಸಿ, ಅದರಲ್ಲಿ 20 ವಾರಗಳನ್ನು ಶಾಲೆಗಳಲ್ಲಿ ಕಳೆಯಬೇಕೆಂದು ವಿಧಿಸಿತು. ಉದ್ದೇಶವೇನೋ ಶ್ಲಾಘ್ಯವಾದುದೇ. ಆದರೆ ಆ ವಾರಗಳ ರಾತ್ರಿಗಳಲ್ಲಿ ಎಷ್ಟು ಭಾಗ ಪಾಠಯೋಜನೆಗಳನ್ನು ಬಣ್ಣಬಣ್ಣದ ಮಸಿಗಳಲ್ಲಿ ನಕಲುಮಾಡುವುದಕ್ಕೆ ವ್ಯಯವಾಗುತ್ತದೆಂಬುದನ್ನು ಅನುಭವಿಸಿದವರೇ ಬಲ್ಲರು.

ಇನ್ನು ಮೌಲ್ಯಮಾಪನದ ವಿಚಾರ. ಅಂಜುಬುರುಕನಾದ ಹೊಸ ಉಪಾಧ್ಯಾಯನು ಕೆಂಪು ಮಸಿಯನ್ನು ಗುರಾಣಿಯಂತೆ ಹಿಡಿಯುವುದುಂಟು. ಒಂದು ತಪ್ಪನ್ನು ಬಿಟ್ಟರೂ ತನಗೆ ಇಂಗ್ಲಿಷು ಬಾರದೆಂದು ಯಾರಾದರೂ ತಿಳಿದಾರೆಂಬ ಶಂಕೆಯಿಂದ ಪ್ರತಿಯೊಂದಕ್ಕೂ ಅಡಿಗೆರೆ ಎಳೆಯುತ್ತಾನೆ. ಹತ್ತು ಸಾಲಿನ ಪ್ರಬಂಧದಲ್ಲಿ ಇಪ್ಪತ್ತೆರಡು ಕೆಂಪು ಗೆರೆಗಳು! ಪುಸ್ತಕವನ್ನು ಹಿಂದಕ್ಕೆ ಪಡೆದ ಮಗು ಅಂಕವನ್ನು ಮಾತ್ರ ನೋಡಿ ಅದನ್ನು ಮುಚ್ಚಿಡುತ್ತದೆ. ಮನೆಯಲ್ಲಿ ಇಂಗ್ಲಿಷು ಬಲ್ಲವರಿಲ್ಲದ ಮಗುವಾದರೆ ಆ ಗೆರೆಗಳ ಅರ್ಥವನ್ನು ಬಿಡಿಸಿ ಹೇಳುವವರೂ ಇಲ್ಲ. ಈ ಭಾಷೆ ತನ್ನಂಥವರಿಗಲ್ಲವೆಂಬ ತೀರ್ಮಾನ ಹದಿಮೂರನೆಯ ವಯಸ್ಸಿನಲ್ಲಿಯೇ ಆಗಿಹೋಗುತ್ತದೆ. ಆ ತೀರ್ಮಾನದಿಂದ ಮುಂದೆ ಎಷ್ಟು ಬಾಗಿಲುಗಳು ಮುಚ್ಚುತ್ತವೆಂಬುದನ್ನು ಪಟ್ಟಣವಾಸಿಗಳಿಗೆ ವಿವರಿಸಬೇಕಾಗಿಲ್ಲ.

ಅಂಕಗಳಾದರೂ ಅಷ್ಟು ನಿಶ್ಚಿತವಾದುವೆ? 1912ರಲ್ಲಿ ಅಮೆರಿಕದ ಸ್ಟಾರ್ಚ್ ಮತ್ತು ಎಲಿಯಟ್ ಎಂಬ ವಿದ್ವಾಂಸರು ಪ್ರೌಢಶಾಲೆಯ ಇಂಗ್ಲಿಷು ಉತ್ತರಪತ್ರಿಕೆಗಳ ಪ್ರತಿಗಳನ್ನು ಹಲವು ಶಾಲೆಗಳಿಗೆ ಕಳುಹಿಸಿ ಅಂಕ ಕೊಡುವಂತೆ ಕೇಳಿದರು. 142 ಮಂದಿ ಉಪಾಧ್ಯಾಯರು ತಿದ್ದಿ ಕಳುಹಿಸಿದರು. ಒಂದೇ ಪತ್ರಿಕೆಗೆ ನೂರಕ್ಕೆ 64 ಕೊಟ್ಟವರೂ ಇದ್ದರು, 98 ಕೊಟ್ಟವರೂ ಇದ್ದರು. ಹಳಬರ ಗತಿಯೇ ಹೀಗಿರುವಾಗ, ತಾನು ಕೊಟ್ಟ ಅಂಕ ಸರಿಯೋ ತಪ್ಪೋ ಎಂದು ಹೊಸಬನು ನಿದ್ರೆಗೆಡಬೇಕಾಗಿಲ್ಲ. ಅವನು ಮಾಡಬೇಕಾದುದು, ಈ ಅಭ್ಯಾಸದಿಂದ ತಾನು ಏನನ್ನು ಪರೀಕ್ಷಿಸುತ್ತಿದ್ದೇನೆಂಬುದನ್ನು ತಿದ್ದುವುದಕ್ಕೆ ಮುಂಚೆಯೇ ಗೊತ್ತುಮಾಡಿಕೊಂಡು, ಅದನ್ನಷ್ಟೇ ನೋಡುವುದು. ಭೂತಕಾಲದ ರೂಪಗಳಿಗಾಗಿ ಕೊಟ್ಟ ಬರಹದಲ್ಲಿ ಕಾಗುಣಿತಕ್ಕೆ ಅಂಕ ಕಳೆಯುವುದು ನ್ಯಾಯವಲ್ಲ. ಲೇಖನಿಯನ್ನು ಕೈಗೆ ತೆಗೆದುಕೊಳ್ಳದೆ ಮೊದಲು ಹತ್ತು ಪುಸ್ತಕಗಳನ್ನು ಸುಮ್ಮನೆ ಓದಿಬಿಡುವುದೂ ಒಳ್ಳೆಯ ಪದ್ಧತಿ. ತರಗತಿಯ ಮಟ್ಟ ಇಂಥದೆಂದು ಅದರಿಂದ ಗೊತ್ತಾಗುತ್ತದೆ.

ತಪ್ಪುಗಳಲ್ಲಿಯೂ ಜಾತಿಭೇದವುಂಟು. ಪಿಟ್ ಕಾರ್ಡರ್ ಎಂಬ ಭಾಷಾಶಾಸ್ತ್ರಜ್ಞರು 1967ರಲ್ಲಿ ಕೈತಪ್ಪಿನಿಂದಾಗುವ ದೋಷವನ್ನೂ, ಕಲಿಯುವವನ ಮನಸ್ಸಿನಲ್ಲಿ ರೂಪುಗೊಂಡ ನಿಯಮದಿಂದ ಹುಟ್ಟುವ ದೋಷವನ್ನೂ ಬೇರ್ಪಡಿಸಿ ತೋರಿಸಿದರು. ಎರಡನೆಯದು ಉಪಾಧ್ಯಾಯನಿಗೆ ನಿಧಿಯಿದ್ದಂತೆ. ಮಗುವೊಂದು ‘ಗೋ’ ಎಂಬುದರ ಭೂತರೂಪವನ್ನು ‘ಗೋಡ್’ ಎಂದು ಬರೆದರೆ, ಅದು ಯಾರಿಂದಲೂ ಕೇಳಿದ ಮಾತಲ್ಲ. ‘ವಾಕ್ಡ್’, ‘ಪ್ಲೇಡ್’ ಎಂಬವುಗಳಿಂದ ತಾನೇ ಸೂತ್ರವನ್ನು ಊಹಿಸಿ ಪ್ರಯೋಗಿಸಿದೆ. ‘ಟು ಮಿ ಟೂ ಸಿಸ್ಟರ್ಸ್ ಆರ್ ದೇರ್’ ಎಂದು ಇನ್ನೊಂದು ಮಗು ಬರೆಯುತ್ತದೆ. ‘ನನಗೆ ಇಬ್ಬರು ತಂಗಿಯರು ಇದ್ದಾರೆ’ ಎಂಬ ಅಚ್ಚಗನ್ನಡ ವಾಕ್ಯವು ಇಂಗ್ಲಿಷಿನ ಉಡುಪು ತೊಟ್ಟು ಬಂದಿದೆ, ಅಷ್ಟೆ. ನಮ್ಮಲ್ಲಿ ಚತುರ್ಥೀ ವಿಭಕ್ತಿ ಮಾಡುವ ಕೆಲಸವನ್ನು ಅವರಲ್ಲಿ ‘ಹ್ಯಾವ್’ ಎಂಬ ಕ್ರಿಯಾಪದವು ಮಾಡುತ್ತದೆಂಬುದನ್ನು ಎರಡು ವಾಕ್ಯಗಳನ್ನು ಹಲಗೆಯ ಮೇಲೆ ಅಕ್ಕಪಕ್ಕ ಬರೆದು ತೋರಿಸಿದರೆ, ಮೂವತ್ತು ಮಕ್ಕಳ ದೋಷ ಒಂದೇ ದಿನ ಸಡಿಲವಾದೀತು. ‘ಎ’, ‘ದ’ ಎಂಬ ಗುಣವಾಚಿಗಳ ದೋಷ ಮಾತ್ರ ಅಷ್ಟು ಬೇಗ ಹೋಗುವುದಲ್ಲ. ಕನ್ನಡದಲ್ಲಿ ಅವಕ್ಕೆ ಸರಿಹೊಂದುವ ಪದಗಳೇ ಇಲ್ಲ. ಅದಕ್ಕೆ ಎಂಟನೆಯ ತರಗತಿಯಲ್ಲಿ ಅಂಕ ಕಳೆಯುತ್ತ ಕೂಡುವುದು ವ್ಯರ್ಥಶ್ರಮವೆಂದೇ ನಮ್ಮ ಮತ. ಇಲ್ಲಿ ಕನ್ನಡ ಚೆನ್ನಾಗಿ ಬಲ್ಲ ಉಪಾಧ್ಯಾಯನಿಗೆ ಇರುವ ಅನುಕೂಲ ಲಂಡನ್ನಿನಿಂದ ಬಂದವನಿಗೂ ಇಲ್ಲ. ತನ್ನ ಇಂಗ್ಲಿಷನ್ನು ಕುರಿತು ಕುಗ್ಗುವ ತರುಣನು ಈ ಬಲವನ್ನು ಎಣಿಕೆಗೇ ತಂದುಕೊಳ್ಳುವುದಿಲ್ಲ.

ಮಕ್ಕಳಿಗೆ ಕೊಡುವ ಕೆಲಸ ಎಷ್ಟು ಕಠಿನವಾಗಿರಬೇಕು? ಮದರಾಸಿನ ಬ್ರಿಟಿಷ್ ಕೌನ್ಸಿಲಿನಲ್ಲಿದ್ದ ಎನ್. ಎಸ್. ಪ್ರಭು ಅವರು 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆಸಿದ ಪ್ರಯೋಗ ಜಗತ್ಪ್ರಸಿದ್ಧವಾದುದು. ವ್ಯಾಕರಣ ಪಾಠದ ಬದಲು ರೈಲುಗಳ ವೇಳಾಪಟ್ಟಿ, ಊರಿನ ನಕ್ಷೆ ಮುಂತಾದುವನ್ನು ಕೊಟ್ಟು, ಇಂಗ್ಲಿಷಿನಲ್ಲಿ ಯೋಚಿಸಿ ಬಿಡಿಸಬೇಕಾದ ಸಮಸ್ಯೆಗಳನ್ನು ಒಡ್ಡುತ್ತಿದ್ದರು. ತರಗತಿಯ ಸುಮಾರು ಅರ್ಧ ಮಂದಿ ಸುಮಾರು ಅರ್ಧ ಕೆಲಸವನ್ನು ಸರಿಯಾಗಿ ಮಾಡಿದರೆ ಅದರ ಕಾಠಿಣ್ಯ ತಕ್ಕಷ್ಟಿದೆಯೆಂಬುದು ಅವರ ಅಂದಾಜು. ಹೊಸಬನಿಗೆ ಇದು ದೊಡ್ಡ ಸಮಾಧಾನ. ಅರ್ಧ ತರಗತಿ ತಪ್ಪಿದರೆ ತನ್ನ ಪಾಠ ಕೆಟ್ಟಿತೆಂದು ಅವನು ತಿಳಿಯಬೇಕಾಗಿಲ್ಲ. ಎಲ್ಲರೂ ಎಲ್ಲವನ್ನೂ ಸರಿಯಾಗಿ ಬರೆದ ದಿನವೇ ಅನುಮಾನಪಡಬೇಕು.

ಟಿಪ್ಪಣಿಯ ಮಾತು ಒಂದಿಷ್ಟು. ಇಸ್ರೇಲಿನ ರೂತ್ ಬಟ್ಲರ್ 1988ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅಂಕವಿಲ್ಲದೆ ಟಿಪ್ಪಣಿಯನ್ನು ಮಾತ್ರ ಪಡೆದ ಮಕ್ಕಳು ಮುಂದುವರಿದರು. ಎರಡನ್ನೂ ಪಡೆದವರಿಗೆ ಟಿಪ್ಪಣಿಯಿಂದ ಹೆಚ್ಚಿನ ಪ್ರಯೋಜನವೇನೂ ಆಗಲಿಲ್ಲ. ಅಂಕ ಕಂಡೊಡನೆ ಓದುವುದು ನಿಂತುಹೋಗುತ್ತದೆ. ನಮ್ಮ ಶಾಲೆಗಳಲ್ಲಿ ಅಂಕವನ್ನು ಬಿಡುವಂತಿಲ್ಲ. ಆದರೂ ವಾರಕ್ಕೊಂದು ಬರಹವನ್ನಾದರೂ ಅಂಕವಿಲ್ಲದೆ, ‘ಚೆನ್ನಾಗಿದೆ’ ಎಂಬ ಬರಿಯ ಮಾತಿಲ್ಲದೆ, ಮಗು ಮುಂದಿನ ಸಲ ಮಾಡಬಹುದಾದ ಒಂದೇ ಒಂದು ಸೂಚನೆಯೊಡನೆ ಹಿಂದಿರುಗಿಸಲು ಯಾವ ಮುಖ್ಯೋಪಾಧ್ಯಾಯರ ಅಪ್ಪಣೆಯೂ ಬೇಕಾಗಿಲ್ಲ.

ಅಭ್ಯಾಸದ ವಾರಗಳು ಮುಗಿದ ಮೇಲೆ ಪ್ರಶಿಕ್ಷಣಾರ್ಥಿಗಳು ಹಾರ ತುರಾಯಿಗಳೊಡನೆ ಬೀಳ್ಕೊಳ್ಳುತ್ತಾರೆ. ಆ ಐವತ್ತು ಮಕ್ಕಳು ಅಲ್ಲಿಯೇ ಉಳಿಯುತ್ತಾರೆ. ಹೋಗುವ ಮುನ್ನ ಪ್ರತಿಯೊಂದು ಮಗುವಿನ ಹೆಸರಿನ ಮುಂದೆ, ಇದು ಯಾವ ನಿಯಮವನ್ನು ಹಿಡಿದಿದೆ, ಯಾವುದು ಇನ್ನೂ ಹತ್ತಿಲ್ಲ ಎಂದು ಎರಡು ಸಾಲು ಬರೆದು ತರಗತಿಯ ಉಪಾಧ್ಯಾಯರ ಕೈಗೆ ಕೊಡುವ ಪದ್ಧತಿಯನ್ನು ತರಬೇತಿಯ ಕಾಲೇಜುಗಳು ಕಡ್ಡಾಯಪಡಿಸಬಹುದು. ಪಾಠಯೋಜನೆಗಳ ಪುಟಗಳಲ್ಲಿ ಹತ್ತನ್ನು ಕಡಮೆಮಾಡಿದರೆ ಅದಕ್ಕೆ ಬೇಕಾದ ಕಾಲ ಒದಗುತ್ತದೆ.