ಕೈಗವಸಿನ ಮಡಿ

ಆಸ್ಪತ್ರೆಗಳ ವಾರ್ಡುಗಳಲ್ಲಿ ರೋಗದ ಹೆಸರನ್ನೆತ್ತದೆ ರೋಗವನ್ನು ಸೂಚಿಸುವ ಒಂದು ಸಂಕೇತಭಾಷೆಯುಂಟು. ‘ಆ ಮೂಲೆಯ ಬೆಡ್ಡು ರೆಟ್ರೋ’ ಎಂದು ಪಾಳಿ ಒಪ್ಪಿಸುವ ಸಿಸ್ಟರು ಮತ್ತೊಬ್ಬರ ಕಿವಿಯಲ್ಲಿ ನುಡಿದರೆಂದರೆ, ಕೇಸ್ ಶೀಟಿನ ಮೇಲೆ ಕೆಂಪು ಮಸಿಯ ಗುರುತು ಬೀಳುವುದಕ್ಕೂ, ಜ್ವರ ನೋಡಲು ಸಹ ಎರಡು ಜೊತೆ ಗ್ಲೋವ್ಸ್ ತೊಡುವುದಕ್ಕೂ, ಊಟದ ತಟ್ಟೆಯನ್ನು ಮಂಚದತ್ತ ದೂರದಿಂದಲೇ ಸರಿಸುವುದಕ್ಕೂ ಅಷ್ಟು ಸಾಕಾಗುವುದುಂಟು. ಎಚ್‌ಐವಿ ಸೋಂಕಿತನಾದವನು ಆ ಪಿಸುಮಾತನ್ನು ಕೇಳಿಸಿಕೊಳ್ಳದೆಯೇ ಅರ್ಥಮಾಡಿಕೊಳ್ಳುತ್ತಾನೆ.

ದಾದಿಯರ ಭೀತಿ ನಿರಾಧಾರವೆಂದು ಹೇಳಲಾಗದು. ಹಗಲಿರುಳು ಸೂಜಿ ಹಿಡಿಯುವ ಕೈಗೆ ಸೂಜಿ ಚುಚ್ಚುವುದು ಅಪೂರ್ವವೇನಲ್ಲ. ಆದರೆ ಸೋಂಕಿತನ ರಕ್ತವಿರುವ ಸೂಜಿ ಚುಚ್ಚಿದಾಗ ಎಚ್‌ಐವಿ ತಗಲುವ ಸಂಭವವು ಸಾವಿರಕ್ಕೆ ಸುಮಾರು 3ರಷ್ಟಿದ್ದರೆ, ಲಸಿಕೆ ಹಾಕಿಸಿಕೊಳ್ಳದವರಿಗೆ ಹೆಪಟೈಟಿಸ್ ಬಿ ತಗಲುವ ಸಂಭವವು ನೂರಕ್ಕೆ 30ರವರೆಗೂ ಏರಬಹುದು. ಅದೂ ಅಲ್ಲದೆ, ಎಚ್‌ಐವಿಯ ವಿಷಯದಲ್ಲಿ 72 ಗಂಟೆಗಳೊಳಗೆ, ಆದಷ್ಟು ಬೇಗನೆ, ಗುಳಿಗೆ ಆರಂಭಿಸಿ 28 ದಿನ ಸೇವಿಸಿದರೆ ಆ ಅಲ್ಪ ಸಂಭವವೂ ಬಹುಮಟ್ಟಿಗೆ ಕ್ಷೀಣಿಸುತ್ತದೆ. ಹೀಗಿದ್ದೂ ಹೆಪಟೈಟಿಸ್ ರೋಗಿಯನ್ನು ಕಂಡು ಹಿಂಜರಿಯದ ಮನಸ್ಸು ಎಚ್‌ಐವಿಯ ಹೆಸರು ಕೇಳಿದೊಡನೆ ಹಿಂಜರಿಯುವುದೇಕೆ? 1986ರಲ್ಲಿ ಚೆನ್ನೈಯಲ್ಲಿ ಡಾ. ಸುನೀತಿ ಸಾಲೊಮನ್ ಮತ್ತು ಅವರ ಶಿಷ್ಯೆ ನಿರ್ಮಲಾ ಅವರು ಈ ಸೋಂಕನ್ನು ಭಾರತದಲ್ಲಿ ಮೊದಲು ಪತ್ತೆಹಚ್ಚಿದ್ದು ಲೈಂಗಿಕ ವೃತ್ತಿಯ ಸ್ತ್ರೀಯರ ರಕ್ತದಲ್ಲಿ. ಅಂದಿನಿಂದ ಅದಕ್ಕೆ ನಡತೆಗೆಟ್ಟವರ ರೋಗವೆಂಬ ಅಪಕೀರ್ತಿ ಅಂಟಿಕೊಂಡಿತು. ಗಂಡನಿಂದಲೇ ಸೋಂಕು ಪಡೆದ ಗೃಹಿಣಿಯೂ, ತಾಯಿಯ ಗರ್ಭದಲ್ಲಿಯೇ ಪಡೆದ ಶಿಶುವೂ ಆ ಅಪಕೀರ್ತಿಯ ಪಾಲುದಾರರಾದರು. ಮುಂಬಯಿ ಮತ್ತು ಬೆಂಗಳೂರುಗಳ ಆರೋಗ್ಯ ಸಿಬ್ಬಂದಿಯನ್ನು ಕುರಿತು 2013ರಲ್ಲಿ ಪ್ರಕಟವಾದ ಅಧ್ಯಯನವೊಂದು, ಸೋಂಕು ಹರಡುವ ಬಗೆಗಿನ ತಪ್ಪು ಕಲ್ಪನೆಯೊಂದಿಗೆ ರೋಗಿಯನ್ನು ದೂಷಿಸುವ ಪ್ರವೃತ್ತಿಯನ್ನೂ ಈ ತಾತ್ಸಾರದ ಮೂಲಗಳಲ್ಲಿ ಗುರುತಿಸಿತು.

ನನಗೆ ತೋರುವಂತೆ, ಇಲ್ಲಿ ಕೈಗವಸು ನಮ್ಮ ಹಳೆಯ ಮಡಿಬಟ್ಟೆಯ ಸ್ಥಾನವನ್ನು ಆಕ್ರಮಿಸಿಕೊಂಡಿದೆ. ಯಾರ ರಕ್ತವೇ ಆಗಲಿ, ರಕ್ತವನ್ನು ಮುಟ್ಟುವಾಗ ಅದನ್ನು ತೊಡಬೇಕೆಂಬುದು ಶಾಸ್ತ್ರ. ಒಬ್ಬ ವ್ಯಕ್ತಿಯನ್ನು ಮುಟ್ಟುವಾಗ ಮಾತ್ರ ತೊಡಬೇಕೆಂಬುದು ಮೈಲಿಗೆಯ ಭಾವನೆ. ಈ ಭಾವನೆಯು ರೋಗಿಗೆ ಅವಮಾನವಾದಂತೆಯೇ ದಾದಿಗೆ ಅಪಾಯವೂ ಹೌದು: ಸೋಂಕು ತಗಲಿದ ಮೊದಲ ಕೆಲವು ವಾರ ಪರೀಕ್ಷೆಯಲ್ಲಿ ಅದು ಕಾಣಿಸದೆ ಹೋಗಬಹುದಾದ್ದರಿಂದ, ಕೆಂಪು ಗುರುತನ್ನು ನಂಬಿದವಳು ಗುರುತಿಲ್ಲದ ಮಂಚದ ಬಳಿ ಬರಿಗೈಯಲ್ಲಿ ರಕ್ತ ಮುಟ್ಟುತ್ತಾಳೆ.

ಎಲ್ಲ ದೋಷವನ್ನೂ ಆಕೆಯ ತಲೆಗೆ ಕಟ್ಟುವುದು ಅನ್ಯಾಯ. ಒಬ್ಬಳೇ ಹತ್ತಾರು ಮಂಚಗಳನ್ನು ನೋಡಿಕೊಳ್ಳುವಲ್ಲಿ, ಗ್ಲೋವ್ಸ್ ತಿಂಗಳ ಮಧ್ಯದಲ್ಲೇ ಮುಗಿದುಹೋಗುವಲ್ಲಿ, ಇದ್ದ ನಾಲ್ಕು ಜೊತೆಯನ್ನು ಆಕೆ ‘ಆ ಬೆಡ್ಡಿಗೆ’ ಕಾದಿರಿಸುವುದು ಸಹಜವೇ. 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂದ ಎಚ್‌ಐವಿ–ಏಡ್ಸ್ ಕಾಯಿದೆಯು ಸೋಂಕಿತರ ಬಗ್ಗೆ ಭೇದವೆಣಿಸುವುದನ್ನೂ, ಅವರ ಸ್ಥಿತಿಯನ್ನು ಸಮ್ಮತಿಯಿಲ್ಲದೆ ಬಯಲುಮಾಡುವುದನ್ನೂ ನಿಷೇಧಿಸುತ್ತದೆಂಬುದನ್ನು ಕೆಲವರಾದರೂ ಬಲ್ಲರು. ಅದೇ ಕಾಯಿದೆ ಸಿಬ್ಬಂದಿಗೆ ರಕ್ಷಣಾ ಸಾಮಗ್ರಿಯನ್ನೂ, ಸೂಜಿ ಚುಚ್ಚಿದವರಿಗೆ ಚಿಕಿತ್ಸೆಯನ್ನೂ ಒದಗಿಸಬೇಕೆಂದು ಆಸ್ಪತ್ರೆಗಳನ್ನು ಕಟ್ಟುಪಡಿಸಿರುವುದನ್ನು ಬಲ್ಲವರು ವಿರಳ.

ಈ ರೋಗದ ಕಾರಣವೇ ಲೋಕಕ್ಕಿನ್ನೂ ಸ್ಪಷ್ಟವಾಗಿರದ 1983ರಲ್ಲಿ, ಸ್ಯಾನ್‌ಫ್ರಾನ್ಸಿಸ್ಕೋದ ಸಾರ್ವಜನಿಕ ಆಸ್ಪತ್ರೆಯ ಏಡ್ಸ್ ವಾರ್ಡಿಗೆ ತಾವಾಗಿಯೇ ಮುಂದೆ ಬಂದ ದಾದಿಯರು, ಸಾಯುತ್ತಿದ್ದ ತರುಣರ ಕೈಗಳನ್ನು ಬರಿಗೈಯಿಂದ ಹಿಡಿದು ಕುಳಿತರು. ಇಂದಿನ ದಾದಿಗೆ ಅಷ್ಟು ಸಾಹಸದ ಅಗತ್ಯವೂ ಇಲ್ಲ. 2004ರಿಂದ ಈ ವೈರಾಣುವನ್ನು ಹತ್ತಿಕ್ಕುವ ಎಆರ್‌ಟಿ ಗುಳಿಗೆಗಳು ಸರ್ಕಾರದಿಂದ ಉಚಿತವಾಗಿ ದೊರೆಯುತ್ತಿವೆ. ನಿತ್ಯ ತಪ್ಪದೆ ಸೇವಿಸಿ ರಕ್ತದಲ್ಲಿ ವೈರಾಣು ಪತ್ತೆಯಾಗದ ಮಟ್ಟಕ್ಕಿಳಿದ ಮೇಲೆ ದಾಂಪತ್ಯದಲ್ಲಿಯೂ ಸೋಂಕು ದಾಟುವುದಿಲ್ಲ. ಆದರೆ ವಾರ್ಡಿನಲ್ಲಿ ಒಮ್ಮೆ ಮುಖ ಕೆಳಗೆ ಹಾಕಿ ಹೊರಟುಹೋದವನು ಆ ಗುಳಿಗೆಗಾಗಿ ಮರಳಿ ಬರಲು ಹಿಂಜರಿಯುತ್ತಾನೆ.

ಪ್ರತಿಯೊಂದು ಮಂಚದ ಬಳಿಯೂ ಕೈಗವಸಿನ ಪೆಟ್ಟಿಗೆಯೊಂದನ್ನಿರಿಸಿ, ಕೇಸ್ ಶೀಟಿನ ಕೆಂಪು ಗುರುತನ್ನು ನಿಲ್ಲಿಸುವುದಕ್ಕೆ ಆಸ್ಪತ್ರೆಯ ಅಧೀಕ್ಷಕರು ಹೊಸ ಆದೇಶವೊಂದಕ್ಕಾಗಿ ಕಾಯಬೇಕಾಗಿಲ್ಲ.