ಮೈಸೂರು ಮದುವೆಗೆ ಹಾಲೆಂಡ್ ದಿಬ್ಬಣ!

“ಕುದುರೆ ಎಲ್ಲಿ?”

ವಿಮಾನದಿಂದಿಳಿದ ಹಾಲೆಂಡ್ ಬೀಗರು ನನ್ನನ್ನು ಕೇಳಿದ ಮೊಟ್ಟಮೊದಲ ಪ್ರಶ್ನೆ ಇದು! ಕೇಳಿದವರು ವರನ ಚಿಕ್ಕಪ್ಪ. ಆರೂವರೆ ಅಡಿ ಆಸಾಮಿ. ತಪ್ಪು ಅವರದಲ್ಲ ಬಿಡಿ, ಸಿನಿಮಾದ್ದು. ಹೊರಡುವ ಮುಂಚೆ ಹದಿನಾಲ್ಕು ಮಂದಿಯೂ ಒಟ್ಟಿಗೆ ಕೂತು ಮೀರಾ ನಾಯರ್ ಅವರ 2001ರ ‘ಮಾನ್ಸೂನ್ ವೆಡ್ಡಿಂಗ್’ ನೋಡಿದ್ದರಂತೆ. ವೆನಿಸ್ ಚಿತ್ರೋತ್ಸವದಲ್ಲಿ ಚಿನ್ನದ ಸಿಂಹ ಗೆದ್ದ ಚಿತ್ರ, ಎರಡು ಮಾತಿಲ್ಲ. ಆದರೆ ಅದು ದೆಹಲಿಯ ಪಂಜಾಬಿ ಮದುವೆ ಸ್ವಾಮಿ! ಮೈಸೂರಿನ ಛತ್ರಕ್ಕೆ ಕುದುರೆ ಏರಿ ಬರೋ ಮದುಮಗನನ್ನ ಎಲ್ಲಿಂದ ತರೋಣ? ಬೇಕಾದರೆ ಟಾಂಗಾ ಸಿಗುತ್ತೆ ಅಂದೆ.

ಇದರಲ್ಲಿ ನಾನು ಹೇಗೆ ಸಿಕ್ಕಿಬಿದ್ದೆ ಅಂತೀರಾ? ಹನ್ನೆರಡು ವರ್ಷ ಗಾಂಧಿನಗರದಲ್ಲಿ ಸಹಾಯಕ ನಿರ್ದೇಶಕನಾಗಿ ಕ್ಲಾಪ್ ಬಡಿದವನು ನಾನು. ಗೆಳೆಯನ ತಂಗಿಗೆ ರಾಟರ್‌ಡ್ಯಾಮ್‌ನಲ್ಲಿ ಕೆಲಸ. ಅಲ್ಲೇ ಹುಡುಗನನ್ನು ಮೆಚ್ಚಿದಳು. 2024ರ ಫೆಬ್ರವರಿಯಲ್ಲಿ ಮದುವೆ. “ಮುನ್ನೂರು ಜನ ಜೂನಿಯರ್ ಆರ್ಟಿಸ್ಟ್‌ಗಳನ್ನ ಸಂಭಾಳಿಸಿದೋನು ನೀನು, ಹದಿನಾಲ್ಕು ಜನ ಯಾವ ಲೆಕ್ಕ?” ಅಂತ ಗೆಳೆಯ ಉಬ್ಬಿಸಿದ. ನಾನೂ ಉಬ್ಬಿದೆ!

ಮೊದಲು ಕಾಗದಪತ್ರದ ಕಥೆ. ಹಿಂದೂ ವಿವಾಹ ಕಾಯ್ದೆ ಅನ್ವಯಿಸಬೇಕಾದರೆ ಇಬ್ಬರೂ ಹಿಂದೂಗಳೇ ಆಗಿರಬೇಕು. ಇಲ್ಲವಾದರೆ 1954ರ ವಿಶೇಷ ವಿವಾಹ ಕಾಯ್ದೆ. ಅದಕ್ಕೆ ಇಬ್ಬರಲ್ಲಿ ಒಬ್ಬರು ಆ ಜಿಲ್ಲೆಯಲ್ಲಿ 30 ದಿನ ವಾಸವಿರಬೇಕು, ನೋಟಿಸ್ ಕೊಟ್ಟ ಮೇಲೆ ಮತ್ತೆ 30 ದಿನ ಕಾಯಬೇಕು. ಅಷ್ಟು ರಜೆ ಯಾರು ಕೊಡ್ತಾರೆ? ಹಾಗಾಗಿ ಅಲ್ಲಿನ ಪುರಭವನದಲ್ಲೇ ರುಜು ಹಾಕಿ ಬಂದರು. ನೆಂಟರಿಗೆಲ್ಲ ಇ-ವೀಸಾ. ಪಾಸ್‌ಪೋರ್ಟಿಗೆ ಇನ್ನೂ ಆರು ತಿಂಗಳ ಆಯಸ್ಸು, ಒಳಗೆ ಎರಡು ಖಾಲಿ ಪುಟ ಇರಬೇಕು, ಅರ್ಜಿಯನ್ನು ಸರ್ಕಾರದ ಜಾಲತಾಣದಲ್ಲೇ ಹಾಕಿ ಅಂತ ಒತ್ತಿ ಒತ್ತಿ ಬರೆದಿದ್ದೆ. ಆದರೂ ಒಬ್ಬಾಕೆ ಅದನ್ನೇ ಹೋಲುವ ಖಾಸಗಿ ತಾಣಕ್ಕೆ ಹೋಗಿ ದುಪ್ಪಟ್ಟು ದುಡ್ಡು ತೆತ್ತರು.

ಆಮೇಲೆ ನನ್ನ ಕಸುಬಿನ ಕೆಲಸ. ಮದುವೆಗೂ ಒಂದು ಕಾಲ್‌ಶೀಟ್! ಇಂಗ್ಲಿಷಿನಲ್ಲಿ ಎರಡು ಪುಟ. ಗಂಡು ಕಾಶಿಗೆ ಹೊರಡ್ತಾನೆ, ಗಾಬರಿಯಾಗಬೇಡಿ. ವಧೂವರರ ನಡುವೆ ತೆರೆ ಹಿಡೀತಾರೆ, ತೆರೆ ಸರಿದಾಗ ಜೀರಿಗೆ-ಬೆಲ್ಲ ಒಬ್ಬರ ತಲೆ ಮೇಲೆ ಒಬ್ಬರು ಹಾಕ್ತಾರೆ. ನಮ್ಮ ಬೆಳ್ಳಿತೆರೆಯ ತದ್ವಿರುದ್ಧ, ಇಲ್ಲಿ ತೆರೆ ಹೋದ ಮೇಲೆಯೇ ಚಿತ್ರ ಶುರು! ಗಟ್ಟಿಮೇಳ ಅಂದ ಕೂಡಲೆ ಅಕ್ಷತೆ ಎರಚಿ. ತಾಳಿಯ ತಟ್ಟೆ ನಿಮ್ಮ ಹತ್ತಿರ ಬಂದಾಗ ಮುಟ್ಟಿ ಹರಸಿ.

ರಿಹರ್ಸಲ್ ಇಲ್ಲದೆ ಶಾಟ್ ಇಡೋದುಂಟೆ? ಹಾಲೆಂಡಿನಲ್ಲಿ ನೆಂಟರು ಎದುರಾದರೆ ಕೆನ್ನೆಗೆ ಮೂರು ಮುತ್ತು ಕೊಡುವ ವಾಡಿಕೆ. ಇದನ್ನು ನಮ್ಮ ದೊಡ್ಡಪ್ಪನ ಮೇಲೆ ಪ್ರಯೋಗಿಸಿದರೆ ಗತಿಯೇನು? ಕೈ ಮುಗಿಸುವ ಅಭ್ಯಾಸಕ್ಕೇ ಅರ್ಧ ದಿನ ಹಿಡಿಯಿತು. ಗಂಡಸರಿಗೆ ಪಂಚೆ ಉಡಿಸಿ ಮೇಲೊಂದು ಬೆಲ್ಟ್ ಬಿಗಿದೆ. ಬಾಳೆಲೆ ಊಟದಲ್ಲಿ ಕೋಸಂಬರಿ, ಚಿತ್ರಾನ್ನ ಪಾಸಾದವು. ಸಾರನ್ನದಲ್ಲಿ ಎಲ್ಲರೂ ಫೇಲ್! ಸಾರು ಮೊಣಕೈವರೆಗೆ ಇಳಿದಿತ್ತು. ಎಂಟು ನೂರು ಜನಕ್ಕೆ ಅಡುಗೆ ಅಂದಾಗ ಅವರು ನಂಬಲೇ ಇಲ್ಲ. ಅವರಲ್ಲಿ ಮದುವೆಗೆ ‘ಹಗಲಿನ ಅತಿಥಿ’, ‘ಸಂಜೆಯ ಅತಿಥಿ’ ಅಂತ ಬೇರೆ ಬೇರೆ ಪಟ್ಟಿ. ಊಟ ಹತ್ತಿರದವರಿಗೆ ಮಾತ್ರ. ನಮ್ಮಲ್ಲಿ ಹಾಗೆ ಮಾಡಿದರೆ ಊರು ಬಿಡಬೇಕಾಗುತ್ತೆ.

ಮದುವೆಯ ಹಿಂದಿನ ದಿನ, ದೇವರ ಸಮಾರಾಧನೆ ಮುಗಿದ ಮೇಲೆ, ಹುಡುಗಿಯ ದೊಡ್ಡತ್ತೆ ನನ್ನನ್ನು ಉಗ್ರಾಣದ ಬಾಗಿಲಿಗೆ ಕರೆದರು.

“ಏನಪ್ಪಾ, ಗಂಡಿನ ತಾಯಿಗೆ ಯಜಮಾನ್ರು ಇಲ್ವಂತಲ್ಲ. ತಾಳಿ ತಟ್ಟೆ ಬಂದಾಗ ಆಕೆ ಮುಟ್ಟದ ಹಾಗೆ ನೋಡ್ಕೊ. ನಿಂಗೆ ಇಂಗ್ಲಿಷ್ ಬರುತ್ತೆ, ನಯವಾಗಿ ಹೇಳ್ಬಿಡು.”

ಈ ಮಾತನ್ನು ಕನ್ನಡದಲ್ಲಿ ಚಿಕ್ಕಂದಿನಿಂದ ಕೇಳಿದ್ದೇನೆ. ನನ್ನ ಸ್ವಂತ ಸೋದರತ್ತೆ ಮದುವೆಮನೆಗಳಲ್ಲಿ ಕಂಬದ ಮರೆಗೆ ಸರಿಯುವುದನ್ನು ನೋಡಿದ್ದೇನೆ. ಯಾವತ್ತೂ ಚುಚ್ಚಿರಲಿಲ್ಲ. ಇಂಗ್ಲಿಷಿನಲ್ಲಿ ಜೋಡಿಸಲು ಹೋದರೆ ಒಂದು ವಾಕ್ಯವೂ ನಿಲ್ಲಲೊಲ್ಲದು! ಹೋಟೆಲಿನ ಮೆಟ್ಟಿಲು ಹತ್ತುವಾಗ ಎರಡು ಸಲ ವಾಪಸು ಇಳಿದೆ.

ಆ ತಾಯಿ ಹೊಸ ಮೈಸೂರು ಸಿಲ್ಕ್ ಉಟ್ಟು, ಸೊಂಟಕ್ಕೆ ಸುತ್ತ ಪಿನ್ನು ಚುಚ್ಚಿಕೊಂಡು, ಕೋಣೆಯ ಉದ್ದಕ್ಕೂ ನಡೆದಾಡುವ ಅಭ್ಯಾಸದಲ್ಲಿದ್ದರು. ಮೇಜಿನ ಮೇಲೆ ಗಂಡನ ಫೋಟೋ. ನಾಳೆ ಕೈಚೀಲದಲ್ಲಿ ಇಟ್ಟುಕೊಂಡು ಬರುತ್ತಾರಂತೆ. ತೊದಲುತ್ತಾ ಹೇಳಿ ಮುಗಿಸಿದೆ.

“ಹುಡುಗಿಯ ಅಜ್ಜಿಗೂ ಇದೇ ನಿಯಮವೆ?” ಎಂದರು.

“ಹೌದು.”

“ಎಷ್ಟು ವರ್ಷದಿಂದ?”

ಲೆಕ್ಕ ಹಾಕಬೇಕಾಯಿತು. ಮೂವತ್ತೊಂದು.

“ಹಾಗಾದರೆ ನಾನು ಅವರ ಪಕ್ಕದಲ್ಲೇ ಕೂರುತ್ತೇನೆ.”

ಸಿಟ್ಟು ಮಾಡಿಕೊಂಡಿದ್ದರೆ ಎಷ್ಟೋ ಚೆನ್ನಾಗಿತ್ತು. ರಾತ್ರಿ ಗೆಳೆಯನ ಹತ್ತಿರ ಎಲ್ಲ ಹೇಳಿದೆ. ಅವನು ತಂಗಿಗೆ ಹೇಳಿದನೋ ಇಲ್ಲವೋ ನಾನು ಕೇಳಲಿಲ್ಲ.

ಬೆಳಗ್ಗೆ ಐದೂವರೆಗೇ ಹಾಲೆಂಡಿನವರು ಹಾಜರ್! ಛತ್ರದಲ್ಲಿ ಇನ್ನೂ ಕಸ ಗುಡಿಸುತ್ತಿದ್ದರು. ಕಾಶಿಯಾತ್ರೆಗೆ ಛತ್ರಿ ಹಿಡಿದು ಗಂಡು ಹೊರಟಿತು ನೋಡಿ, ಕಾಲ್‌ಶೀಟಿನ ಎರಡನೇ ಪುಟ ಓದದ ಚಿಕ್ಕಪ್ಪ ಓಡಿಹೋಗಿ ರಟ್ಟೆ ಹಿಡಿದರು! ಹುಡುಗಿಯ ತಂದೆಯ ಡೈಲಾಗ್ ಪೂರಾ ಇವರೇ ಹೊಡೆದಂತಾಯಿತು. ಮದುಮಗಳು ಕೆಂಪು ಅಂಚಿನ ಬಿಳಿ ಧಾರೆ ಸೀರೆಯಲ್ಲಿ ಬಂದಾಗ ಮಾತ್ರ ಹದಿನಾಲ್ಕು ಮಂದಿಗೂ ಖುಷಿಯೋ ಖುಷಿ. ಅವರ ಕಡೆಯೂ ಮದುಮಗಳಿಗೆ ಬಿಳಿಯೇ ಅಲ್ಲವೆ!

ಜೀರಿಗೆ-ಬೆಲ್ಲ ಆಯಿತು. ಧಾರೆ ಆಯಿತು. ತಾಳಿಯ ತಟ್ಟೆ ಹಿಡಿದು ಹುಡುಗಿಯ ತಂಗಿ ಮಂಟಪದಿಂದ ಇಳಿದಳು. ಅಜ್ಜಿ, ಹಾಲೆಂಡಿನ ತಾಯಿ ಇಬ್ಬರೂ ಕೊನೆಯ ಸಾಲಿನಲ್ಲಿ, ಕಂಬದ ಪಕ್ಕ. ನಾನು ನೆಲ ನೋಡುತ್ತಾ ನಿಂತಿದ್ದೆ.

“ಪುಟ್ಟೀ, ಮೊದಲು ಅಜ್ಜಿ ಹತ್ರ ಹೋಗು!”

ಹಸೆಮಣೆಯ ಮೇಲಿಂದ ಮದುಮಗಳ ದನಿ. ಓಲಗದವರು ಕೂಡ ಒಂದು ಕ್ಷಣ ತಡೆದರು. ತಟ್ಟೆ ಕೊನೆಯ ಸಾಲಿಗೆ ಹೋಯಿತು. ಅಜ್ಜಿ ಕೈ ಹಿಂದಕ್ಕೆಳೆದುಕೊಂಡರು. ಮೊಮ್ಮಗಳು ಕದಲಲಿಲ್ಲ. ಸಿನಿಮಾ ಆಗಿದ್ದರೆ ಇಲ್ಲೊಂದು ಕ್ಲೋಸಪ್, ಹಿಂದೆ ಪಿಟೀಲು. ಇಲ್ಲಿ ಪುರೋಹಿತರು “ಬೇಗ, ಬೇಗ, ಹೊತ್ತು ಮೀರುತ್ತೆ” ಅಂತ ಕೂಗುತ್ತಿದ್ದರು. ಅಜ್ಜಿ ಪಕ್ಕಕ್ಕೆ ತಿರುಗಿ, ಬೀಗಿತಿಯ ಕೈಯನ್ನು ತನ್ನ ಕೈಯೊಳಗೆ ಹಿಡಿದು, ಎರಡನ್ನೂ ಒಟ್ಟಿಗೆ ತಾಳಿಯ ಮೇಲಿಟ್ಟರು.

ಮಧ್ಯಾಹ್ನ ಪಂಕ್ತಿಯಲ್ಲಿ ದೊಡ್ಡತ್ತೆಯೇ ಹೋಳಿಗೆ ಬಡಿಸಲು ಬಂದರು. ಹಾಲೆಂಡಿನ ತಾಯಿಗೆ ಎರಡು ಹಾಕಿ, ಮೇಲೆ ಧಾರಾಳವಾಗಿ ತುಪ್ಪ ಸುರಿದರು. ನನ್ನ ಎಲೆ ದಾಟಿಕೊಂಡು ಮುಂದೆ ಹೋದರು.